ಫೈಲ್ ನಮ್ಮದು, ತೆರೆಯುವ ಅಧಿಕಾರ ಯಾರದು?

ಕಂಪ್ಯೂಟರಿನಲ್ಲಿ ಒಂದು ಪಿಡಿಎಫ್ ಮೇಲೆ ಕ್ಲಿಕ್ ಮಾಡಿದರೆ ಅದು ಯಾವ ಆ್ಯಪ್‌ನಲ್ಲಿ ತೆರೆಯಬೇಕು? ಫೈಲ್ ಯಾರದ್ದೋ ಅವರೇ ಹೇಳಬೇಕಾದ ಮಾತಿದು. ಆದರೆ ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ, ಇಲ್ಲವೇ ರಾತ್ರಿ ಅಪ್‌ಡೇಟ್ ಆಗಿ ಬೆಳಗ್ಗೆ ಸಿಸ್ಟಮ್ ಆನ್ ಮಾಡಿದಾಗ, ನಿನ್ನೆ ತನಕ ಒಂದರಲ್ಲಿ ತೆರೆಯುತ್ತಿದ್ದ ಫೈಲ್ ಇವತ್ತು ಇನ್ನೊಂದರಲ್ಲಿ ತೆರೆಯುತ್ತದೆ. ಕೇಳಿದವರಿಲ್ಲ, ಹೇಳಿದವರೂ ಇಲ್ಲ. ಇಷ್ಟೇ ತಾನೆ ಎಂದು ನಾವೂ ಸುಮ್ಮನಾಗುತ್ತೇವೆ.

ಇಷ್ಟೇ ಅಲ್ಲ. ಮಂಜೇಶ್ವರದಲ್ಲೋ ಕುಂಬಳೆಯಲ್ಲೋ ಅಕ್ಷಯ ಕೇಂದ್ರದಿಂದ ಪಡೆದ ಪ್ರಮಾಣಪತ್ರದಲ್ಲಿ ಡಿಜಿಟಲ್ ಸಹಿ ಇರುತ್ತದೆ. ಅದು ಅಸಲಿಯೋ ಅಲ್ಲವೋ ಎಂದು ಎಲ್ಲ ಬ್ರೌಸರ್‌ಗಳೂ ಪರಿಶೀಲಿಸುವುದಿಲ್ಲ. ಕೆಲವು ಸರಕಾರಿ ಫಾರ್ಮ್‌ಗಳು ಬ್ರೌಸರ್‌ನಲ್ಲಿ 'ಪ್ಲೀಸ್ ವೇಟ್' ಎಂದು ತೋರಿಸಿ ಅಲ್ಲಿಗೇ ನಿಂತುಬಿಡುತ್ತವೆ. ವ್ಯಾಪಾರಿಗಳಿಗೆ ಇನ್ನೂ ಕಷ್ಟ. ಬ್ಯಾಂಕ್ ಖಾತೆಗಳ ಪಟ್ಟಿಯಿರುವ ಸಿಎಸ್‌ವಿ ಫೈಲ್ ನೋಟ್‌ಪ್ಯಾಡ್ ಬದಲು ನೇರ ಎಕ್ಸೆಲ್‌ನಲ್ಲಿ ತೆರೆದರೆ 16 ಅಂಕೆಯ ಖಾತೆ ಸಂಖ್ಯೆಯ ಕೊನೆಯ ಅಂಕೆ ಸೊನ್ನೆಯಾಗಿಬಿಡಬಹುದು. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕೆಗಳನ್ನು ಮಾತ್ರ ಸರಿಯಾಗಿ ಉಳಿಸಿಕೊಳ್ಳುತ್ತದೆ. ಹಾಗೇ ಸೇವ್ ಕೊಟ್ಟರೆ ಮುಗಿಯಿತು, ಆ ಫೈಲ್ ನಂಬಿ ಹಣ ಕಳಿಸುವವನ ಗತಿ?

ಕಂಪೆನಿಗಳು ಹೀಗೇಕೆ ಮಾಡುತ್ತವೆ? ನಮ್ಮ ಅಂಗಡಿಯ ಲೆಕ್ಕದಲ್ಲೇ ಹೇಳೋಣ. ಕಣ್ಣಿನ ಎತ್ತರದ ಶೆಲ್ಫ್‌ನಲ್ಲಿಟ್ಟ ಮಾಲು ಮೊದಲು ಖಾಲಿಯಾಗುತ್ತದೆ. ಡೀಫಾಲ್ಟ್ ಎಂದರೆ ಆ ಶೆಲ್ಫ್. ಅದರ ಬೆಲೆ ಎಷ್ಟೆಂದರೆ, ಫೋನ್ ಮತ್ತು ಬ್ರೌಸರ್‌ಗಳಲ್ಲಿ ಡೀಫಾಲ್ಟ್ ಸರ್ಚ್ ಆಗಿ ಉಳಿಯಲು ಗೂಗಲ್ 2021ರಲ್ಲಿ 2,630 ಕೋಟಿ ಡಾಲರ್ ಕೊಟ್ಟಿದ್ದು ಅಮೆರಿಕದ ನ್ಯಾಯಾಲಯದಲ್ಲಿ ಬಯಲಾಯಿತು. ಸರ್ಚ್‌ನಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ಅದೇ ನ್ಯಾಯಾಲಯ 2024ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ನಮ್ಮಲ್ಲಿಗೆ ಬರುವ ಕಂಪೆನಿಯ ಹುಡುಗ ಶೆಲ್ಫ್ ಬೇಕಿದ್ದರೆ ಕೇಳುತ್ತಾನೆ, ಸ್ಕೀಮ್ ಕೊಡುತ್ತಾನೆ. ರಾತ್ರಿ ಬೀಗ ತೆಗೆದು ಬೇರೆಯವರ ಮಾಲು ಕೆಳಗಿಳಿಸಿ ತನ್ನದನ್ನು ಇಟ್ಟು ಹೋಗುವುದಿಲ್ಲ. ಸಾಫ್ಟ್‌ವೇರ್ ಲೋಕದಲ್ಲಿ ಮಾತ್ರ ಇದು ನಡೆಯುತ್ತದೆ.

2015ರ ಜುಲೈಯಲ್ಲಿ ವಿಂಡೋಸ್ 10 ಬಂದಾಗ, ಅಪ್‌ಗ್ರೇಡ್ ಮಾಡಿದವರ ಹಳೆಯ ಬ್ರೌಸರ್ ಆಯ್ಕೆಯನ್ನು ಅದು ಬದಿಗೊತ್ತುತ್ತಿದೆ ಎಂದು ಮೊಜಿಲ್ಲಾದ ಅಂದಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್, ಮೈಕ್ರೋಸಾಫ್ಟ್‌ನ ಸತ್ಯ ನಾದೆಲ್ಲಾ ಅವರಿಗೆ ಬಹಿರಂಗ ಪತ್ರ ಬರೆದರು. 2021ರ ವಿಂಡೋಸ್ 11 ಇನ್ನೊಂದು ದಾರಿ ಹಿಡಿಯಿತು. ಬ್ರೌಸರ್ ಬದಲಿಸಬೇಕಾದರೆ ಒಂದೊಂದು ಬಗೆಯ ಫೈಲ್ ಮತ್ತು ಲಿಂಕ್‌ಗೂ ಬೇರೆ ಬೇರೆಯಾಗಿ ಆಯ್ಕೆ ಮಾಡಬೇಕಿತ್ತು. ಟೀಕೆ ಜೋರಾದ ಮೇಲೆ 2022ರಲ್ಲಿ ಒಂದೇ ಬಟನ್ ಬಂತು.

ಭದ್ರತೆಯ ಕಾರಣಕ್ಕೆ ಹೀಗೆ ಮಾಡುತ್ತೇವೆ ಎಂಬ ಸಮಜಾಯಿಷಿ ಇದೆ. ಅದರಲ್ಲಿ ಸ್ವಲ್ಪ ಸತ್ಯವೂ ಇದೆ. ಕಳ್ಳ ಸಾಫ್ಟ್‌ವೇರ್‌ಗಳು ಡೀಫಾಲ್ಟ್ ಕದಿಯದಂತೆ ವಿಂಡೋಸ್ 8ರಿಂದಲೇ ತಡೆ ಇದೆ. ಆದರೆ ವಿಂಡೋಸ್ 10ರಲ್ಲಿ ಸೆಟ್ಟಿಂಗ್‌ನಲ್ಲಿ ಏನೋ ಎಡವಟ್ಟಾಗಿದೆ ಎಂದು ಅನಿಸಿದರೆ ಅದು ಪಿಡಿಎಫ್ ಅನ್ನು ಒಪ್ಪಿಸುತ್ತಿದ್ದದ್ದು ತನ್ನದೇ ಎಡ್ಜ್‌ಗೆ. ಕಾವಲುಗಾರನದ್ದೇ ಅಂಗಡಿ ಪಕ್ಕದಲ್ಲಿದ್ದರೆ ಅನುಮಾನ ಬಾರದೆ ಇರುತ್ತದೆಯೇ?

ಕಾನೂನು ಗಟ್ಟಿಯಾದರೆ ಇದೇ ಕಂಪೆನಿಗಳು ಬಗ್ಗುತ್ತವೆ. ಒಪ್ಪಿಕೊಂಡಿದ್ದ ಬ್ರೌಸರ್ ಆಯ್ಕೆಯ ಪರದೆಯನ್ನು ತೋರಿಸದ್ದಕ್ಕೆ ಯುರೋಪಿಯನ್ ಕಮಿಷನ್ 2013ರಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯುರೋ ದಂಡ ಹಾಕಿತು. ಆಮೇಲೆ ಡಿಜಿಟಲ್ ಮಾರ್ಕೆಟ್ಸ್ ಕಾಯ್ದೆ ಬಂತು. ಯುರೋಪಿನಲ್ಲಿ ಲಿಂಕ್ ಮತ್ತು ಫೈಲ್‌ಗಳಿಗೆ ಬಳಕೆದಾರ ಆರಿಸಿದ ಆ್ಯಪನ್ನೇ ವಿಂಡೋಸ್ ಸದಾ ಬಳಸುತ್ತದೆ ಎಂದು 2023ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಘೋಷಿಸಿತು. ಅಲ್ಲಿ ಸಾಧ್ಯವಾದದ್ದು ಉಪ್ಪಳದಲ್ಲೂ ಮಂಗಳೂರಿನಲ್ಲೂ ಯಾಕೆ ಸಾಧ್ಯವಿಲ್ಲ?

ಭಾರತ ಸುಮ್ಮನೆ ಕೂತಿಲ್ಲ. ಆಂಡ್ರಾಯ್ಡ್ ವಿಷಯದಲ್ಲಿ ಸ್ಪರ್ಧಾ ಆಯೋಗ 2022ರಲ್ಲಿ ಗೂಗಲ್‌ಗೆ 1,337.76 ಕೋಟಿ ರೂ. ದಂಡ ವಿಧಿಸಿತು. ಮರುವರ್ಷ ಜನವರಿಯಲ್ಲಿ ಗೂಗಲ್, ಇಲ್ಲಿನ ಬಳಕೆದಾರರು ಡೀಫಾಲ್ಟ್ ಸರ್ಚ್ ಆಯ್ಕೆ ಮಾಡಿಕೊಳ್ಳಬಹುದು ಎಂದಿತು. ಗ್ರಾಹಕರನ್ನು ಯಾಮಾರಿಸುವ 13 ಬಗೆಯ ತಂತ್ರಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಪಟ್ಟಿ ಮಾಡಿದೆ. ಕೇಳದೆ ಡೀಫಾಲ್ಟ್ ಬದಲಿಸುವುದು ಅದರಲ್ಲಿ ಪ್ರತ್ಯೇಕವಾಗಿಲ್ಲ. ಅದೂ ಸೇರಬೇಕು. ಮೊದಲು ಕೇಳಬೇಕು, ಬೇಡವೆಂದರೆ ಬಿಡಬೇಕು, ಬದಲಾದದ್ದನ್ನು ಒಂದೇ ಕ್ಲಿಕ್‌ನಲ್ಲಿ ಹಿಂದಕ್ಕೆ ತರುವಂತಿರಬೇಕು.

ಅಲ್ಲಿ ತನಕ ನಮ್ಮ ಕೈಯಲ್ಲಿರುವುದನ್ನು ನಾವು ಮಾಡೋಣ. ಸಾಫ್ಟ್‌ವೇರ್ ಹಾಕುವಾಗ ನೆಕ್ಸ್ಟ್ ನೆಕ್ಸ್ಟ್ ಎಂದು ಒತ್ತದೆ ಕಸ್ಟಮ್ ಆರಿಸಿ, ಬೇಡದ ಟಿಕ್ ತೆಗೆಯಿರಿ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್, ಆ್ಯಪ್ಸ್, ಡೀಫಾಲ್ಟ್ ಆ್ಯಪ್ಸ್‌ಗೆ ಹೋಗಿ ಪಿಡಿಎಫ್, ಸಿಎಸ್‌ವಿ ಯಾರ ಕೈಯಲ್ಲಿವೆ ನೋಡಿ. ಫೋನ್ 'ಆಲ್‌ವೇಸ್' ಕೇಳಿದರೆ ಯೋಚಿಸಿ ಒತ್ತಿ. ಕಂಪ್ಯೂಟರ್ ಗೊತ್ತಿರುವ ಯುವಕ ಯುವತಿಯರು ಮನೆಯ ಹಿರಿಯರ, ಪಕ್ಕದ ಅಂಗಡಿಯವರ ಸಿಸ್ಟಮ್‌ನಲ್ಲೂ ಇದನ್ನೊಮ್ಮೆ ನೋಡಿಕೊಡಿ. ಹತ್ತು ನಿಮಿಷದ ಕೆಲಸ.