ಮನೆಯಂಗಳ: ಗಾಜಿನ ತೊಟ್ಟಿಗೆ ಎಂಥ ಬೆಳಕು?



ಈ ತಿಂಗಳು ಕಲ್ಹೇರಿನಿಂದ ಒಬ್ಬ ತಂದೆ ಪತ್ರ ಬರೆದಿದ್ದಾರೆ. ಅವರ ಮಗ ಹೈದರಾಬಾದಿನ ನೆಂಟರ ಮನೆಗೆ ಹೋದಾಗ, ಬಣ್ಣದ ಮೀನಿನ ಅಂಗಡಿಯೊಂದರಲ್ಲಿ ನೀಲಿ ಬೆಳಕಿನಲ್ಲಿ ಹೊಳೆಯುವ ಹವಳದ ತೊಟ್ಟಿ ನೋಡಿ ಬಂದಿದ್ದಾನೆ. "ಅಪ್ಪಾ, ನಮ್ಮ ಮನ್ಯಾಗೂ ಇಂಥಾದ್ದೊಂದು ಇಡೋಣು" ಎಂದು ಒಂದೇ ಹಟ. ಪ್ರಥಮ ಪರಮಪ್ರಸಾದದ ದಿನ ಬಂದ ಕಾಣಿಕೆಯ ಹಣವನ್ನೂ ಅದಕ್ಕಾಗಿಯೇ ಕೂಡಿಟ್ಟಿದ್ದಾನಂತೆ. "ಅದಕ್ಕೆ ಯಾವ ಲೈಟು ಕೊಳ್ಳಬೇಕು?" ಎಂಬುದು ತಂದೆಯ ಪ್ರಶ್ನೆ.

ಹವಳ ಕಲ್ಲಲ್ಲ, ಗಿಡವೂ ಅಲ್ಲ, ಅದೊಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸವಾಗಿರುತ್ತದೆ. ಬೆಳಕು ಬಿದ್ದಾಗ ಆ ಪಾಚಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಸಮುದ್ರದ ನೀರು ಕೆಂಪು ಬಣ್ಣವನ್ನು ಮೇಲಿನ ಕೆಲವೇ ಮೀಟರುಗಳಲ್ಲಿ ಹೀರಿಬಿಡುತ್ತದೆ. ನೀಲಿ ಮಾತ್ರ ಆಳಕ್ಕಿಳಿಯುತ್ತದೆ. ಹಾಗಾಗಿ ಅಂಗಡಿಯ ಆ ನೀಲಿ ದೀಪ ಬರೀ ಅಲಂಕಾರವಲ್ಲ, ಅದು ಹವಳದ ಅನ್ನ. ಬೆಳಕು ಕಡಿಮೆಯಾದರೆ ಅದು ಹಸಿಯುತ್ತದೆ. ಒಮ್ಮೆಲೇ ಹೆಚ್ಚಾದರೆ, ಇಲ್ಲವೇ ನೀರು ಬಿಸಿಯಾದರೆ, ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ.

ಹಿಂದೆ ಇದಕ್ಕೆ 150ರಿಂದ 400 ವಾಟಿನ ಮೆಟಲ್ ಹ್ಯಾಲೈಡ್ ದೀಪಗಳನ್ನು ಬಳಸುತ್ತಿದ್ದರು. ಅವುಗಳ ಕಾವು ಬಹಳ. ಈಗ ಎಲ್‌ಇಡಿ ಬಂದಿದೆ. ಆದರೆ ದೀಪ ಕೊಂಡರೆ ಮುಗಿಯಲಿಲ್ಲ. ಹವಳದ ನೀರು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರಬೇಕು. ಮೇ ತಿಂಗಳಲ್ಲಿ ನಿಮ್ಮ ಕಡೆಯ ಬಿಸಿಲು 40 ದಾಟುತ್ತದೆ. ನೀರು ತಂಪು ಮಾಡುವ ಯಂತ್ರ ಹಗಲಿರುಳು ಓಡಬೇಕು. ಕರೆಂಟು ಹೋದರೆ ಹವಳದ ಜೀವವೂ ಹೋದಂತೆಯೇ.

ಇದಕ್ಕಿಂತ ದೊಡ್ಡ ಮಾತೊಂದಿದೆ. ದಿಬ್ಬ ಕಟ್ಟುವ ಎಲ್ಲ ಬಗೆಯ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿ, ಆನೆ ಇರುವ ಪಟ್ಟಿಯೇ ಅದು. ನಮ್ಮ ಕಡಲಿನ ಹವಳ ಕಿತ್ತು ಮಾರಿದವರಿಗೂ, ಕೊಂಡು ಇಟ್ಟುಕೊಂಡವರಿಗೂ ಮೂರರಿಂದ ಏಳು ವರ್ಷ ಸೆರೆವಾಸವಾಗಬಹುದು. "ಇದು ಹೊರದೇಶದ್ದು" ಎಂದು ಅಂಗಡಿಯವರು ಹೇಳಿದರೂ ಸರಿಯಾದ ಕಾಗದಪತ್ರವಿಲ್ಲದೆ ಮುಟ್ಟಬೇಡಿ.

ಈ ಕಾನೂನು ಸುಮ್ಮನೆ ಬಂದದ್ದಲ್ಲ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಕಡಲು ಕಾದು ಹವಳಗಳು ಬೆಳ್ಳಗಾದವು. ಪೋಪ್ ಫ್ರಾನ್ಸಿಸರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಹವಳದ ದಿಬ್ಬಗಳ ನಾಶವನ್ನು ಹೆಸರಿಸಿಯೇ ದುಃಖಿಸಿದ್ದಾರೆ. ನಿಮ್ಮ ಮಗನಿಗೆ ಹವಳ ನೋಡುವ ಆಸೆಯಿದ್ದರೆ ಮುಂದೊಂದು ದಿನ ಮುರುಡೇಶ್ವರಕ್ಕೆ ಕರೆದುಕೊಂಡು ಹೋಗಿ. ಅಲ್ಲಿಂದ ದೋಣಿಯಲ್ಲಿ ತಲುಪುವ ನೇತ್ರಾಣಿ ದ್ವೀಪದ ಸುತ್ತ ಹವಳಗಳು ತಮ್ಮ ಮನೆಯಲ್ಲೇ ಇವೆ.

ಹಾಗಂತ ಹುಡುಗನ ಆಸೆಗೆ ತಣ್ಣೀರೆರಚಬೇಕಾಗಿಲ್ಲ. ಎರಡಡಿ ಉದ್ದದ ಸಿಹಿನೀರಿನ ತೊಟ್ಟಿ ಸಾಕು. ಅದರಲ್ಲಿ ಜಾವಾ ಫರ್ನ್, ಅನುಬಿಯಾಸ್, ವ್ಯಾಲಿಸ್ನೇರಿಯಾ ಗಿಡಗಳನ್ನು ನೆಡಲಿ. ಇವು ಸಾಧಾರಣ ಬೆಳಕಿನಲ್ಲೇ ಬದುಕುತ್ತವೆ. ಜೊತೆಗೆ ನಾಲ್ಕಾರು ಗಪ್ಪಿ ಮೀನು. ಡಬ್ಬದ ಮೇಲೆ 6500ಕೆ ಎಂದು ಬರೆದಿರುವ, ಸುಮಾರು 10–12 ವಾಟಿನ ಬಿಳಿ ಎಲ್‌ಇಡಿ ಕೊಳ್ಳಿ. ಇಲ್ಲಿ ನೀಲಿ ದೀಪ ಬೇಡ. ದಿನಕ್ಕೆ ಆರರಿಂದ ಎಂಟು ಗಂಟೆ ಉರಿದರೆ ಸಾಕು. ಮರೆಯುವವರು ಟೈಮರ್ ಹಾಕಿಸಿ. ಕಿಟಕಿಯ ಬಿಸಿಲು ಬೀಳುವಲ್ಲಿ ತೊಟ್ಟಿ ಇಟ್ಟರೆ ಪಾಚಿ ಕಟ್ಟುತ್ತದೆ. ದೀಪದ ವೈರು ಸಾಕೆಟ್ಟಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರುವಂತಿರಲಿ. ಆಗ ಹನಿ ನೀರು ಸಾಕೆಟ್ಟಿಗೆ ಹರಿಯದೆ ಕೆಳಗೆ ತೊಟ್ಟಿಕ್ಕುತ್ತದೆ. ನೀರಿಗೆ ಕೈಹಾಕುವ ಮುನ್ನ ಸ್ವಿಚ್ ಆರಿಸುವುದನ್ನು ಮಗನಿಗೆ ಮೊದಲ ಪಾಠವಾಗಿ ಕಲಿಸಿ. ಮೀನು ಸಾಕಿ ಬೇಸರವಾದರೂ ಅವನ್ನು ನಲ್ಲವಾಗು ಜಲಾಶಯಕ್ಕೋ ಮಂಜೀರಾ ನದಿಗೋ ಬಿಡಬೇಡಿ. ಹೊರಗಿನ ಮೀನು ಅಲ್ಲಿನ ಮೀನುಗಳಿಗೆ ಕಂಟಕ.

ಕೊನೆಗೊಂದು ಮಾತು. ರಾತ್ರಿ ಚೆಂದ ಕಾಣುತ್ತದೆಂದು ಎಷ್ಟೋ ಮನೆಗಳಲ್ಲಿ ತೊಟ್ಟಿಯ ದೀಪ ಆರಿಸುವುದೇ ಇಲ್ಲ. ಮೀನಿಗೂ ಗಿಡಕ್ಕೂ ಕತ್ತಲೆ ಬೇಕು. ಆದಿಕಾಂಡದಲ್ಲಿ ದೇವರು ಮೊದಲ ದಿನವೇ ಬೆಳಕನ್ನು ಉಂಟುಮಾಡಿ, ಅದನ್ನು ಕತ್ತಲೆಯಿಂದ ಬೇರ್ಪಡಿಸಿದರು. ಜಲಚರಗಳು ಬಂದದ್ದು ಐದನೆಯ ದಿನ. ಅಂದರೆ ಅವು ಹುಟ್ಟುವ ಮೊದಲೇ ಅವುಗಳಿಗೆ ಹಗಲೂ ಸಿದ್ಧವಾಗಿತ್ತು, ಇರುಳೂ ಸಿದ್ಧವಾಗಿತ್ತು. ನಮ್ಮ ಕಣ್ಣಿಗೆ ಬೇಕಾದ ಬೆಳಕಲ್ಲ, ಆ ಜೀವಕ್ಕೆ ಬೇಕಾದ ಬೆಳಕನ್ನು ಕೊಡೋಣ. ಸಂಜೆ ಜಪಸರ ಮುಗಿದ ಮೇಲೆ ತೊಟ್ಟಿಯ ದೀಪ ಆರಿಸುವ ಕೆಲಸ ಮಗನದೇ ಆಗಲಿ. ಒಂದು ಜೀವವನ್ನು ನೋಡಿಕೊಳ್ಳುವುದು ಎಂದರೇನು ಎಂಬುದನ್ನು ಆ ಸ್ವಿಚ್ಚೇ ಅವನಿಗೆ ದಿನವೂ ಕಲಿಸುತ್ತದೆ.