ಇನ್ನೊಂದೇ ತುತ್ತು

ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ರಾತ್ರಿ ಎಂಟೂವರೆಗೆ ಎಲ್ಲ ಮನೆಗಳಿಂದಲೂ ಒಂದೇ ಮಾತು ಕೇಳುತ್ತದೆ. ಒಂದು ಬಾಗಿಲಿನಿಂದ ಮರಾಠಿಯಲ್ಲಿ, ಇನ್ನೊಂದರಿಂದ ಗುಜರಾತಿಯಲ್ಲಿ, ನಮ್ಮ ಮನೆಯಿಂದ ಕನ್ನಡದಲ್ಲಿ: ‘ಇನ್ನೊಂದೇ ತುತ್ತು.’ ಹಿನ್ನೆಲೆಯಲ್ಲಿ ಮೊಬೈಲಿನ ಕಾರ್ಟೂನ್ ಹಾಡು. ಮಗಳಿಗೆ ಮೂರು ತುಂಬಿದ ಮೇಲೆ ನಾನೂ ಒಂದು ವರ್ಷ ಹೀಗೆಯೇ ಉಣಿಸಿದೆ. ಬಸಳೆ ಬೇಡ, ಬೇಳೆ ಬೇಡ, ಬೇಕಾದದ್ದು ಮೊಸರನ್ನ ಮತ್ತು ಬಿಸ್ಕತ್ತು. ಒಂದು ರಾತ್ರಿ, ಲೋಕಲಿನಲ್ಲಿ ನಿಂತೇ ಬಂದ ಸುಸ್ತಿನಲ್ಲಿ, ಅವಳ ಗಲ್ಲ ಹಿಡಿದು ಚಮಚ ತುರುಕಿದೆ. ವಾಂತಿ ಮಾಡಿಕೊಂಡಳು. ಅಲ್ಲಿಯವರೆಗೆ ಉಣ್ಣುತ್ತಿದ್ದ ತಿಳಿಸಾರನ್ನೂ ಮರುದಿನದಿಂದ ಬಿಟ್ಟಳು.

ಮಗು ಉಣ್ಣುವುದಿಲ್ಲ ಎಂಬ ದೂರಿನಲ್ಲಿ ಹೆಚ್ಚಿನ ಪಾಲು ಉಣಿಸುವವರ ಭಯ ಎಂದು ನನಗೆ ಹೊಳೆದದ್ದು ಆಮೇಲೆ.

ಲೆಕ್ಕ ಸರಳ. ಹುಟ್ಟುವಾಗ 3 ಕೆಜಿ ಇದ್ದ ಮಗು ಒಂದು ವರ್ಷಕ್ಕೆ ಸುಮಾರು 9 ಕೆಜಿ ಆಗುತ್ತದೆ. ಎರಡು ವರ್ಷ ದಾಟಿದ ಮೇಲೆ ವರ್ಷಕ್ಕೆ ಏರುವುದು 2 ಕೆಜಿಯ ಆಸುಪಾಸು. ಬೆಳವಣಿಗೆ ನಿಧಾನವಾದಾಗ ಹಸಿವೂ ಇಳಿಯುತ್ತದೆ. ಗುರುತಿಲ್ಲದ ರುಚಿಯ ಅಂಜಿಕೆ ಮಕ್ಕಳಲ್ಲಿ ಜೋರಾಗಿರುವುದೂ ಎರಡರಿಂದ ಆರು ವರ್ಷದ ನಡುವೆಯೇ. ಇದನ್ನು ನಾವು ಹಟ ಎನ್ನುತ್ತೇವೆ.

ಹಟಕ್ಕೆ ನಮ್ಮಲ್ಲಿರುವ ಮದ್ದು ಎರಡು: ಗದರಿಕೆ, ಇಲ್ಲವೇ ಲಂಚ. ಬೆಂಡೆಕಾಯಿ ತಿಂದರೆ ಚಾಕೊಲೇಟ್. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಆನ್ ಬರ್ಚ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾನೀಯವನ್ನು ಕುಡಿದರೆ ಬಹುಮಾನ ಅಥವಾ ಹೊಗಳಿಕೆ ಎಂದು ಪುಟ್ಟ ಮಕ್ಕಳಿಗೆ ಹೇಳಲಾಯಿತು. ಆ ಮಕ್ಕಳಿಗೆ ಆಮೇಲೆ ಅದು ಮೊದಲಿಗಿಂತ ಕಡಿಮೆ ಇಷ್ಟವಾಯಿತು. ಲಂಚ ಕೊಟ್ಟು ತಿನ್ನಿಸಬೇಕಾದದ್ದು ಒಳ್ಳೆಯದಿರಲಾರದು ಎಂದು ಮಗುವೂ ತರ್ಕ ಮಾಡುತ್ತದೆ. ಒತ್ತಾಯವಿಲ್ಲದೆ ಹತ್ತು ಹದಿನೈದು ಸಲ ಎದುರಿಗಿಟ್ಟರೆ ಹೊಸ ರುಚಿ ಪರಿಚಿತವಾಗುತ್ತದೆ. ನಾವು ಮೂರನೇ ಸಲಕ್ಕೇ ‘ಇವಳಿಗೆ ಅದು ಆಗುವುದಿಲ್ಲ’ ಎಂದು ತೀರ್ಪು ಕೊಟ್ಟುಬಿಡುತ್ತೇವೆ.

ಆಹಾರತಜ್ಞೆ ಎಲಿನ್ ಸ್ಯಾಟರ್ ಈ ಕೆಲಸವನ್ನು ಪಾಲು ಮಾಡಿದ್ದಾರೆ. ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಪಾಲು. ಉಣ್ಣಬೇಕೇ, ಎಷ್ಟು ಎಂಬುದು ಮಗುವಿನ ಪಾಲು.

ಇದು ನಮಗೆ ಹೊಸದೇ? ಮಾಟುಂಗಾ ಸ್ಟೇಷನ್ ಪಕ್ಕದಲ್ಲಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ಗೆ ಮಗಳನ್ನು ಕರೆದುಕೊಂಡು ಹೋದಾಗ ಅನಿಸಿತು: ಬಾಳೆಲೆಯ ಊಟದಲ್ಲಿ ಇದೆಲ್ಲ ಇದ್ದೇ ಇದೆ. ಎಲ್ಲರಿಗೂ ಒಂದೇ ಅಡುಗೆ. ಒಂದೊಂದೂ ಚೂರುಚೂರು. ಅಕ್ಕಪಕ್ಕದವರು ಸವಿದು ಉಣ್ಣುತ್ತಿರುತ್ತಾರೆ. ಬಡಿಸುವವರು ಮತ್ತೆ ಬರುತ್ತಾರೆ, ಬೇಡವೆಂದರೆ ಮುಂದೆ ಹೋಗುತ್ತಾರೆ. ಮಗಳು ಅಲ್ಲಿ ಅನ್ನ, ಹಪ್ಪಳ ತಿಂದು, ಪಲ್ಯಕ್ಕೆ ಬೆರಳು ತಾಗಿಸಿ ನೆಕ್ಕಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಅದೇ ಒಳ್ಳೆಯದಾಯಿತು.

ಅತ್ತೆಗೆ ಈ ವಾದ ಒಪ್ಪಿಗೆಯಿಲ್ಲ. ‘ಮಗು ಬರಿಹೊಟ್ಟೆಯಲ್ಲಿ ಮಲಗಿದರೆ ನಿನಗೆ ನಿದ್ದೆ ಬರ್ತದಾ? ಒಂದು ಲೋಟ ಹಾಲಾದರೂ ಕೊಡು’ ಎನ್ನುತ್ತಾರೆ. ಅಕ್ಕಿ ಅಳೆದು ಬೇಯಿಸಿದ ಕಾಲ ಕಂಡವರು, ಅವರ ಸಂಕಟ ಸುಳ್ಳಲ್ಲ. ಆದರೆ ಊಟ ಬಿಟ್ಟಾಗಲೆಲ್ಲ ಹಾಲು, ಬಿಸ್ಕತ್ತು ಸಿಕ್ಕರೆ ಮುಂದಿನ ಊಟದ ಹಸಿವೂ ಸಾಯುತ್ತದೆ. ಹಾಲಿನಲ್ಲಿ ಕಬ್ಬಿಣಾಂಶ ತೀರಾ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67 ಮಂದಿಗೆ ರಕ್ತಹೀನತೆ ಇದೆ. ಹೊಟ್ಟೆ ತುಂಬಿದರೆ ಸಾಲದು.

ಎಲ್ಲ ಮಕ್ಕಳಿಗೂ ಕಾಯುವುದೊಂದೇ ಉತ್ತರವಲ್ಲ. ತೂಕ ಇಳಿದರೆ, ನುಂಗುವಾಗ ಕೆಮ್ಮು ಬಂದರೆ, ಉಣ್ಣುವ ಪದಾರ್ಥಗಳು ಒಂದೊಂದಾಗಿ ಬಿಟ್ಟುಹೋಗಿ ಮೂರು ನಾಲ್ಕೇ ಉಳಿದರೆ, ಮಕ್ಕಳ ವೈದ್ಯರಿಗೆ ತೋರಿಸಬೇಕು. ಅಂಥ ಮಗುವನ್ನು ಹಟಮಾರಿ ಎನ್ನುವುದು ಅನ್ಯಾಯ.

ಉಳಿದ ಮನೆಗಳಲ್ಲಿ ಕೊರತೆ ಇರುವುದು ಜೊತೆಗೆ ಕೂತು ಉಣ್ಣುವವರದ್ದು. ಮುಂಬಯಿಯ ಉಪನಗರಗಳಲ್ಲಿ ಅಪ್ಪ ಮನೆಗೆ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ಅಮ್ಮ ಉಣಿಸುತ್ತಾಳೆ, ಉಣ್ಣುವುದಿಲ್ಲ. ದೊಡ್ಡವರು ಬಸಳೆ ತಿನ್ನುವುದನ್ನೇ ನೋಡದ ಮಗು ಬಸಳೆಯನ್ನು ನಂಬುವುದು ಹೇಗೆ? ರಾತ್ರಿ ಆಗದಿದ್ದರೆ ಬೆಳಗ್ಗೆ ಆಗಬಹುದು. ನಾವೀಗ ಆರೂಮುಕ್ಕಾಲಕ್ಕೆ ನಾಲ್ವರೂ ನೆಲದ ಮೇಲೆ ಕೂರುತ್ತೇವೆ. ಇಪ್ಪತ್ತು ನಿಮಿಷ, ಮೊಬೈಲ್ ಇಲ್ಲ, ಹಿಂದಿನ ರಾತ್ರಿಯ ಪದಾರ್ಥವೂ ದೋಸೆಯ ಪಕ್ಕದಲ್ಲಿರುತ್ತದೆ.

ಮೊನ್ನೆ ಮಗಳು ಬಸಳೆಯ ದಂಟೊಂದನ್ನು ಎತ್ತಿ ಕಚ್ಚಿ ಉಗುಳಿದಳು. ಅತ್ತೆ ನನ್ನ ಮುಖ ನೋಡಿದರು. ನಾನು ದೋಸೆ ಮುರಿದು ಉಣ್ಣುತ್ತಾ ಕೂತೆ. ನಾಳೆ ಮತ್ತೆ ಬಸಳೆ ಮಾಡುತ್ತೇನೆ.