ರೆಕಾರ್ಡ್ ಬುಕ್‌ನಲ್ಲಿ ತಪ್ಪಿಗೂ ಒಂದು ಪುಟ ಇರಲಿ

‘ಫೇಸ್ ಮಾರ್ಜಿನ್ ಎಂದರೇನು?’ ಪರೀಕ್ಷೆಯಲ್ಲಿ ಈ ಪ್ರಶ್ನೆಗೆ ನಾನು ಪೂರ್ತಿ ಅಂಕ ತೆಗೆದಿದ್ದೆ. ಸೆಮಿಲಾಗ್ ಹಾಳೆಯ ಮೇಲೆ ಬೋಡೆ ಪ್ಲಾಟ್ ಅನ್ನೂ ಅಂದವಾಗಿ ಬರೆದಿದ್ದೆ. ಆದರೆ ಕಳೆದ ಸೆಮಿಸ್ಟರ್‌ನಲ್ಲಿ ಅದೇ ಫೇಸ್ ಮಾರ್ಜಿನ್ ಕಣ್ಣೆದುರು ಬಂದು ನಿಂತಾಗ ನನಗೆ ಗುರುತೇ ಸಿಗಲಿಲ್ಲ.

ಮಿನಿ ಪ್ರಾಜೆಕ್ಟ್‌ಗೆಂದು ಎಲ್‌ಎಂ324 ಆಪ್-ಆಂಪ್ ಅನ್ನು ಬಫರ್ ಆಗಿ ಜೋಡಿಸಿ, ಔಟ್‌ಪುಟ್‌ಗೆ ಐದು ಮೀಟರ್ ಶೀಲ್ಡೆಡ್ ಕೇಬಲ್ ಹಾಕಿದ್ದೆವು. ಸ್ಕ್ವೇರ್ ವೇವ್ ಕೊಟ್ಟು ನೋಡಿದರೆ ಪ್ರತಿ ಏರಿಳಿತದಲ್ಲೂ ಅಲೆ ನಾಲ್ಕೈದು ಸಲ ನಡುಗಿ ಆಮೇಲೆ ನಿಲ್ಲುತ್ತಿತ್ತು. ಐಸಿ ಬದಲಿಸಿದೆವು, ಬ್ರೆಡ್‌ಬೋರ್ಡ್ ಬದಲಿಸಿದೆವು. ಸಿಮ್ಯುಲೇಷನ್‌ನಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು. ಎರಡು ದಿನ ಹೀಗೇ ಕಳೆಯಿತು. ಕೊನೆಗೆ ಲ್ಯಾಬ್ ಅಸಿಸ್ಟೆಂಟ್ ಬಂದು, ‘ಆ ಕೇಬಲ್ ಕಿತ್ತು ನೋಡ್ರೋ’ ಎಂದರು. ಕಿತ್ತೆವು. ನಡುಕ ನಿಂತೇ ಹೋಯಿತು!

ಹಾಸ್ಟೆಲ್‌ನಲ್ಲಿ ಸೋಲಾರ್ ನೀರಿಗೆ ಕಾದವರಿಗೆ ಇದು ಬೇಗ ಅರ್ಥವಾಗುತ್ತದೆ. ನೀರು ತಣ್ಣಗಿದೆ ಎಂದು ಬಿಸಿ ನಲ್ಲಿ ತಿರುಗಿಸುತ್ತೇವೆ. ಪೈಪ್ ಉದ್ದ, ಬಿಸಿ ನೀರು ತಡವಾಗಿ ಬರುತ್ತದೆ. ಅಷ್ಟರಲ್ಲಿ ಇನ್ನೂ ತಿರುಗಿಸಿರುತ್ತೇವೆ, ಮೈ ಸುಡುತ್ತದೆ. ಗಾಬರಿಯಿಂದ ಪೂರ್ತಿ ಮುಚ್ಚಿದರೆ ಮತ್ತೆ ತಣ್ಣೀರು. ತಿದ್ದಿದ್ದು ತಪ್ಪಲ್ಲ, ತಿದ್ದುಪಡಿ ತಡವಾಗಿ ತಲುಪಿದ್ದೇ ತಪ್ಪು. ಆಪ್-ಆಂಪ್‌ನ ನೆಗೆಟಿವ್ ಫೀಡ್‌ಬ್ಯಾಕ್ ಕೂಡ ಹೀಗೆಯೇ. ತಡ 180 ಡಿಗ್ರಿ ಮುಟ್ಟಿದರೆ ತಿದ್ದಬೇಕಾದದ್ದೇ ಕುಮ್ಮಕ್ಕು ಕೊಡತೊಡಗುತ್ತದೆ. ಲೂಪ್ ಗೇನ್ 1ಕ್ಕೆ ಇಳಿಯುವ ಹೊತ್ತಿಗೆ ಆ 180ಕ್ಕೆ ಇನ್ನೂ ಎಷ್ಟು ಡಿಗ್ರಿ ಬಾಕಿ ಇದೆಯೋ ಅದೇ ಫೇಸ್ ಮಾರ್ಜಿನ್. 60 ಡಿಗ್ರಿ ಇದ್ದರೆ ನೆಮ್ಮದಿ, ಕಡಿಮೆಯಾದಷ್ಟೂ ನಡುಕ, ಸೊನ್ನೆಯಾದರೆ ಆಂಪ್ಲಿಫೈಯರ್ ಹೋಗಿ ಆಸಿಲೇಟರ್!

ಶೀಲ್ಡೆಡ್ ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಇರುತ್ತದೆ. ನಮ್ಮದು ಐದು ಮೀಟರ್. ಬಫರ್ ಜೋಡಣೆಯಲ್ಲಿ 50 ಪಿಕೊಫ್ಯಾರಡ್‌ವರೆಗೆ ತಡೆದುಕೊಳ್ಳುತ್ತದೆ ಎಂದು ಎಲ್‌ಎಂ324ರ ಡೇಟಾಶೀಟ್‌ನಲ್ಲೇ ಬರೆದಿದೆ. ನಾವು ಓದಿರಲಿಲ್ಲ, ಅಷ್ಟೆ. ಸಿಮ್ಯುಲೇಷನ್‌ನಲ್ಲಿ ಕೇಬಲ್ ಸೇರಿಸಿರಲೂ ಇಲ್ಲ. ಔಟ್‌ಪುಟ್ ಮತ್ತು ಕೇಬಲ್ ನಡುವೆ 470 ಓಮ್ ರೆಸಿಸ್ಟರ್ ಹಾಕಿದ ಮೇಲೆ ಸಮಸ್ಯೆ ಮುಗಿಯಿತು.

ಇದು ನಮಗೆ ಲ್ಯಾಬ್‌ನಲ್ಲಿ ಏಕೆ ಕಾಣುವುದಿಲ್ಲ? ನಾವು ಬಳಸುವ 741 ತುಂಬಾ ಸಾಧು. ಅದಕ್ಕಿಂತ ಮೊದಲು ಬಂದ 709ಕ್ಕೆ ಹೊರಗಿನಿಂದ ಕೆಪಾಸಿಟರ್ ಜೋಡಿಸಿ ಸ್ಥಿರಗೊಳಿಸಬೇಕಿತ್ತು. 1968ರಲ್ಲಿ ಡೇವ್ ಫುಲ್ಲಗಾರ್ 741ರೊಳಗೇ 30 ಪಿಕೊಫ್ಯಾರಡ್ ಕೆಪಾಸಿಟರ್ ಇಟ್ಟರು. ಅದಕ್ಕೆ ತೆತ್ತ ಬೆಲೆ ವೇಗ: ಅದರ ಓಪನ್ ಲೂಪ್ ಗೇನ್ ಕೆಲವೇ ಹರ್ಟ್ಸ್‌ನಿಂದ ಇಳಿಯತೊಡಗುತ್ತದೆ. ಆ ಪುಟ್ಟ ಕೆಪಾಸಿಟರ್ ನಮ್ಮನ್ನು ಕಾಪಾಡುತ್ತಿದೆ ಎಂಬುದೂ ಗೊತ್ತಿಲ್ಲದೆ ನಾವು ಪಾಸಾಗುತ್ತೇವೆ.

ಅಪ್ಪಿತಪ್ಪಿ ಅಲೆ ನಡುಗಿದರೂ ಅದನ್ನು ರೆಕಾರ್ಡ್‌ನಲ್ಲಿ ಬರೆಯುವ ಧೈರ್ಯ ಯಾರಿಗಿದೆ? ಇಂಟರ್ನಲ್ ಅಂಕ ಹೋಗುತ್ತದೆಂದು ಸೀನಿಯರ್ ರೆಕಾರ್ಡ್ ನೋಡಿ ಚೆಂದದ ಅಲೆ ಬಿಡಿಸುತ್ತೇವೆ. ನಾನೂ ಬಿಡಿಸಿದ್ದೇನೆ. ಆದರೆ ಸಂದರ್ಶನದಲ್ಲಿ ‘ನಿಮ್ಮ ಸರ್ಕ್ಯೂಟ್ ನಡುಗಿದರೆ ಮೊದಲು ಏನು ನೋಡುತ್ತೀರಿ?’ ಎಂದು ಕೇಳಿದರೆ, ನಕಲು ಮಾಡಿದ ಅಲೆ ಉತ್ತರ ಹೇಳುವುದಿಲ್ಲ.

ಅಧ್ಯಾಪಕರಲ್ಲಿ ನನ್ನ ಕೋರಿಕೆ ಇಷ್ಟೇ. ಒಂದು ಪ್ರಯೋಗದಲ್ಲಾದರೂ ಬೇಕೆಂದೇ ಸರ್ಕ್ಯೂಟ್ ಕೆಡಿಸಲು ಬಿಡಿ. ಎಲ್‌ಎಂ324 ಬಫರ್‌ನ ಔಟ್‌ಪುಟ್‌ಗೆ ಒಂದು ಸಣ್ಣ ಸೆರಾಮಿಕ್ ಕೆಪಾಸಿಟರ್ ಹಾಕಿದರೆ ಸಾಕು, ಖರ್ಚೇನೂ ಇಲ್ಲ. ನಡುಗಿದ ಅಲೆಯನ್ನು ಇದ್ದಂತೆಯೇ ಬರೆದು, ಕಾರಣ ವಿವರಿಸಿದವರಿಗೆ ಅಂಕ ಕೊಡಿ. ಗೆಳೆಯರೇ, ಮುಂದಿನ ಲ್ಯಾಬ್‌ನಲ್ಲಿ ಅಲೆ ನಡುಗಿದರೆ ಐಸಿ ಬದಲಿಸುವ ಮೊದಲು ಒಮ್ಮೆ ಡೇಟಾಶೀಟ್ ತೆರೆಯಿರಿ. ನಮಗೆ ಹೋದ ಆ ಎರಡು ದಿನ ನಿಮಗಾದರೂ ಉಳಿಯಲಿ.